ಮಣ್ಣಿನ ಚೀಟಿಲಿ ತಾಮ್ರ ‘ಸಾಕಷ್ಟು’ ಅಂತೆ, ಎಲ್ರೂ ಚಪ್ಪಾಳೆ ಹೊಡೀರಿ

ಮೊನ್ನೆ ನಮ್ಮ ಜಮೀನಿನ ಮಣ್ಣು ಆರೋಗ್ಯ ಚೀಟಿ ಬಂತು ಕಣ್ರಿ, ಸರ್ಕಾರದೋರು ಮಣ್ಣು ಪರೀಕ್ಷೆ ಮಾಡಿ ಕೊಡೋದು. ಸಾರಜನಕ ಕಡಿಮೆ, ರಂಜಕ ಪರ್ವಾಗಿಲ್ಲ, ಸತು ಸಾಕಷ್ಟು, ತಾಮ್ರ ಸಾಕಷ್ಟು. ಓದಿ ನಗ್ಬೇಕೋ ತಲೆ ಚಚ್ಕೋಬೇಕೋ ಗೊತ್ತಾಗ್ಲಿಲ್ಲ. ಸಾಕಷ್ಟು ಇರ್ದೆ ಇನ್ನೇನು, ನಮ್ ಬೇಲಿ ಆಚೆ ತಗಡಿನ ಶೆಡ್ಡಲ್ಲಿ ಮೂರು ವರ್ಷದಿಂದ ಊಟ ಮುಗ್ಸಿ ಊರು ಮಲಗಿದ್ಮೇಲೆ ಕೇಬಲ್ ಸುಡ್ತಾರೆ, ಬೆಂಗಳೂರಿಂದ ರಾತ್ರಿ ಟೆಂಪೋದಲ್ಲಿ ಬರೋ ಗುಜರಿ, ಕಂಪ್ಯೂಟರ್, ಟೀವಿ, ಯುಪಿಎಸ್, ಎಲ್ಲಾ ಅಲ್ಲೇ ಇಳಿಯೋದು. ಬೆಳಿಗ್ಗೆ ಎದ್ರೆ ಬದನೆ ಎಲೆ ಮೇಲೆ ಕರೀ ಮಸಿ, ಒರೆಸಿದ್ರೆ ಬೆರಳಿಗೆ ಅಂಟ್ಕೊಳತ್ತೆ, ಸೋಪು ಹಾಕಿದ್ರೂ ಒಂದೇ ಸಲಕ್ಕೆ ಹೋಗಲ್ಲ.

ಸುಡೋದು ಯಾಕೆ ಅಂದ್ರೆ ಪ್ಲಾಸ್ಟಿಕ್ ಸುಲಿಯೋಕೆ ಟೈಮ್ ಹಿಡಿಯತ್ತೆ, ಬೆಂಕಿ ಹಾಕಿದ್ರೆ ಅರ್ಧ ಗಂಟೇಲಿ ತಾಮ್ರ ಸಿಗತ್ತೆ. ತಾಮ್ರ ಶೆಡ್ಡಿನವನಿಗೆ. ಹಳೇ ವೈರಿನ ಪಿವಿಸಿ ಪ್ಲಾಸ್ಟಿಕ್ಕಲ್ಲಿ ಸೀಸ ಬೆರೆಸಿರ್ತಾರೆ, ಅದು ಹೊಗೆ ಆಗಿ ಬೂದಿ ಆಗಿ ನಮಗೆ. ಬೋರ್ಡುಗಳ ಬೆಸುಗೆಲೂ ಸೀಸ, ಹಳೇ ಡಬ್ಬಾ ಟೀವಿ ಗಾಜಲ್ಲಂತೂ ಕೆಜಿ ಲೆಕ್ಕದಲ್ಲಿ ಸೀಸ, ಹಳೇ ಚಾರ್ಜಬಲ್ ಸೆಲ್ಲಲ್ಲಿ ಕ್ಯಾಡ್ಮಿಯಂ ಅನ್ನೋ ಇನ್ನೊಂದು ವಿಷದ ಲೋಹ. ಇದರ ಮೇಲೆ ಬೋರ್ಡಿಂದ ಚಿನ್ನ ತೆಗೀತೀವಿ ಅಂತ ಡ್ರಮ್ಮಲ್ಲಿ ಆಸಿಡ್ ಇಟ್ಕೊಂಡವ್ರೆ, ಕೆಲಸ ಮುಗಿದ ಆಸಿಡ್ ಎಲ್ಲಿಗೆ ಹೋಗತ್ತೆ ಹೇಳಿ? ಕಾಲುವೆಗೆ. ಕಾಲುವೆ ಎಲ್ಲಿಗೆ? ನಮ್ ಕೆಳಗಿನ ಮಡಿಗಳಿಗೆ. ಮಣ್ಣು ಹುಳಿ ಆದಷ್ಟೂ ಈ ಲೋಹಗಳು ಕರಗಿ ಬೇರಿಗೆ ಸಿಗೋದು ಜಾಸ್ತಿ, ಅಂದ್ರೆ ವಿಷಾನೂ ಅವ್ನೇ ಹಾಕಿ ಅದನ್ನ ಬಡಿಸೋ ಸೌಟೂ ಅವ್ನೇ ಕೊಟ್ಟ ಹಾಗೆ.

ಮಳೆಗಾಲದಲ್ಲಿ ಅಮ್ಮ ಕಳೆ ಕೀಳ್ತಾ ಇದ್ದವಳು ಏನೋ ಎತ್ಕೊಂಡು ಬಂದು “ಇದ್ಯಾವ್ ಗುಂಡೀನೋ ಮಗ, ನಿನ್ ಶರ್ಟಿಂದಾ?” ಅಂದ್ಲು. ನೋಡಿದ್ರೆ ಕಂಪ್ಯೂಟರ್ ಕೀಬೋರ್ಡಿನ ‘ಡಿಲೀಟ್’ ಕೀ. ತೊಳೆದು ಕಿಟಕಿ ಮೇಲೆ ಇಟ್ಟಿದೀನಿ, ದಿನಾ ನೋಡ್ತೀನಿ.

ಈಗ ಆ ಚೀಟಿ ವಿಷ್ಯ. ಹನ್ನೆರಡು ಅಂಶ ನೋಡ್ತಾರೆ ಅದ್ರಲ್ಲಿ: ಎನ್‌ಪಿಕೆ ಅಂದ್ರೆ ಸಾರಜನಕ-ರಂಜಕ-ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಹುಳಿ-ಕ್ಷಾರ, ಲವಣ, ಸಾವಯವ ಇಂಗಾಲ. ಸೀಸ ಇಲ್ಲ. ಕ್ಯಾಡ್ಮಿಯಂ ಇಲ್ಲ. ಪಾದರಸ ಇಲ್ಲ. ಬೆಳೆಗೆ ಏನು ಕಮ್ಮಿ ಅಂತ ಹೇಳೋಕೆ ಮಾಡಿರೋ ಚೀಟಿ ಅದು, ಏನು ಹೆಚ್ಚಾಗಿ ಸಾಯ್ತಿದೀವಿ ಅನ್ನೋದಕ್ಕೆ ಅದ್ರಲ್ಲಿ ಕಾಲಮ್ಮೇ ಇಲ್ಲ. ತಾಮ್ರ ಕೊರತೆ ಗೆರೆ ದಾಟಿದ್ರೆ ಮುಗೀತು, ಸಾಕಷ್ಟು. ಗೆರೆಗಿಂತ ಎರಡರಷ್ಟು ಇರ್ಲಿ ಇನ್ನೂರರಷ್ಟು ಇರ್ಲಿ, ಅದೇ ಮಾತು.

ಸುಮ್ನೆ ಹೆದ್ರಿಕೊಂಡು ಕೂಗ್ತಿದಾನೆ ಅನ್ಕೋಬೇಡಿ. 2009ರಲ್ಲೇ ಬೆಂಗಳೂರಿನ ಇ-ವೇಸ್ಟ್ (ಇದೇ ಕಂಪ್ಯೂಟರ್ ಟೀವಿ ಗುಜರಿ) ಒಡೆಯೋ ಸ್ಲಮ್ಮಿನ ಮಣ್ಣು ಪರೀಕ್ಷೆ ಮಾಡಿ ವಿಜ್ಞಾನಿಗಳು ಪೇಪರ್ ಬರೆದಿದಾರೆ, ಸೀಸ ಕೆಜಿ ಮಣ್ಣಿಗೆ 2850 ಮಿಲಿಗ್ರಾಂವರೆಗೂ ಸಿಕ್ಕಿತ್ತು, ಕ್ಯಾಡ್ಮಿಯಂ 39ರವರೆಗೂ. ಮಾಮೂಲಿ ಮಣ್ಣಲ್ಲಿ ಸೀಸ ಹತ್ತಿಪ್ಪತ್ತು ಮೂವತ್ತು ಇರತ್ತೆ ಅಷ್ಟೇ. ಅದಾದ್ಮೇಲೆ 2011ರಲ್ಲಿ ಇ-ವೇಸ್ಟ್ ರೂಲ್ಸ್ ಬಂತು, 2016ರಲ್ಲಿ ಹೊಸ ರೂಲ್ಸ್, 2022ರಲ್ಲಿ ಮತ್ತೆ ಹೊಸದು, ಈಗ ಎಲ್ಲಾ ಪೋರ್ಟಲ್ಲಲ್ಲಿ ರಿಜಿಸ್ಟ್ರೇಷನ್ನು. ಒಂದೊಂದು ಸಲ ರೂಲ್ಸ್ ಬಿಗಿ ಮಾಡಿದಾಗ್ಲೂ ಸಿಟಿ ಒಳಗಿಂದ ಒಂದಷ್ಟು ಶೆಡ್ಡು ಹಳ್ಳಿ ಕಡೆಗೆ ಜರುಗಿದ ಹಾಗೇ ನನಗಂತೂ ಕಾಣತ್ತೆ, ನಮ್ ಪಕ್ಕಕ್ಕೆ ಬಂದಿದ್ದೂ ಹಂಗೇ.

ಕಂಪ್ಲೇಂಟ್ ಕೊಡ್ಲಿಲ್ವಾ ಅಂತೀರಾ? ಕೊಟ್ಟೆ. ಒಂದ್ ಆಫೀಸಲ್ಲಿ “ಇದು ಕೃಷಿ ಭೂಮಿ ಕಣಪ್ಪ, ನಮಗ್ ಬರಲ್ಲ” ಅಂದ್ರು, ಇನ್ನೊಂದ್ ಆಫೀಸಲ್ಲಿ “ಹೊಗೆ ಕಣಪ್ಪ, ನಮಗ್ ಬರಲ್ಲ” ಅಂದ್ರು. ಮೂರನೇ ಕಡೆ ಒಬ್ರು ಹಗಲು ಹನ್ನೆರಡು ಗಂಟೆಗೆ ಬಂದು ಶೆಡ್ಡು ನೋಡಿ ಏನೂ ಹೊಗೆ ಇಲ್ವಲ್ರೀ ಅಂತ ಎಳನೀರು ಕುಡ್ಕೊಂಡು ಹೋದ್ರು. ಎಳನೀರು ನಮ್ದೇ.

ಪ್ರೈವೇಟ್ ಲ್ಯಾಬಲ್ಲಿ ಟೆಸ್ಟ್ ಮಾಡಿಸೋಣ ಅಂದ್ರೆ ಒಂದೊಂದು ಲೋಹಕ್ಕೆ ಒಂದೊಂದು ರೇಟು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳ್ತೀನಿ, ಭಯ. ರಿಪೋರ್ಟ್ ಕೆಟ್ಟದು ಬಂದ್ರೆ ಏನ್ ಮಾಡ್ಲಿ? ನಮ್ ಮಾವನೇ “ಬಾಯ್ ಮುಚ್ಕೊಂಡಿರು, ಸುತ್ತ ಜಮೀನಿನ ರೇಟು ಬಿದ್ದೋಗತ್ತೆ” ಅಂತ ಬೈದ್ರು. ಅಲ್ಲ ಮಾವ, ತಿನ್ನೋರ್ ಕಥೆ? ಸೀಸ ಬಹುಪಾಲು ಬೇರಲ್ಲೇ ನಿಲ್ಲತ್ತೆ, ಎಲೆ ಮೇಲಿನ ಧೂಳು ತೊಳೆದ್ರೆ ಸ್ವಲ್ಪ ಹೋಗತ್ತೆ, ಕ್ಯಾಡ್ಮಿಯಂ ಹಾಗಲ್ಲ, ಬೇರಿಂದ ಎಲೆಗೆ ಹತ್ತತ್ತೆ, ಅದ್ರಲ್ಲೂ ಪಾಲಕ್ ಥರ ಸೊಪ್ಪಿಗೆ, ಒಳಗಡೆ ಇರೋದನ್ನ ಮೂರು ನೀರಲ್ಲಿ ತೊಳೆದ್ರೂ ಹೋಗಲ್ಲ. ತಿಂದ್ಮೇಲೆ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂರತ್ತೆ. ಜಪಾನಲ್ಲಿ ಜಿನ್ಜು ನದಿ ಬಯಲಲ್ಲಿ ಇದೇ ಕ್ಯಾಡ್ಮಿಯಂ, ಅಲ್ಲಿ ಗುಜರಿ ಅಲ್ಲ ಗಣಿಯಿಂದ ಬಂದಿದ್ದು, ಅಕ್ಕಿಲಿ ಸೇರಿ ಹೆಂಗಸರು ಮೂಳೆ ಮುರಿದು ನರಳಿದ್ರು. ಸರ್ಕಾರ 1968ರಲ್ಲಿ ಒಪ್ಕೊಳ್ತು, ಗದ್ದೆ ಮಣ್ಣು ಸರಿ ಮಾಡಿ ಮುಗಿಸೋ ಹೊತ್ತಿಗೆ 2012. ನಮಗೆ ಸುಣ್ಣ ಹಾಕಿ ಅಂದ್ರು ಒಬ್ರು. ಹಾಕಿದ್ರೆ ಬೇರಿಗೆ ಸಿಗೋದು ಕಮ್ಮಿ ಆಗತ್ತೆ, ಸರಿ, ಆದ್ರೆ ವಿಷ ಎಲ್ಲಿಗೂ ಹೋಗಲ್ಲ.

ನಾನೇನ್ ಸಾಚಾ ಅಲ್ಲ. ನಮ್ಮನೆ ಹಳೇ ಟೀವಿನೂ ಇನ್ನೂರು ರೂಪಾಯಿಗೆ ಗುಜರಿಯವನಿಗೆ ಕೊಟ್ಟಿದ್ದೆ, ಅದು ತಿರುಗಿ ಇದೇ ಬೇಲಿ ಪಕ್ಕ ಬಂದು ಬಿದ್ದಿದೆಯೋ ಏನೋ. ಶೆಡ್ಡಲ್ಲಿ ಕೆಲಸ ಮಾಡೋ ಹುಡುಗರ ಮೇಲೂ ನಂಗೆ ಸಿಟ್ಟಿಲ್ಲ, ಮೂಗಿಗೆ ಕರ್ಚೀಫ್ ಕಟ್ಕೊಂಡು ನಮಗಿಂತ ಮೊದ್ಲು ಅವ್ರೇ ಕುಡೀತಾರೆ ಆ ಹೊಗೇನ.

ಕೆಳಗಿನ ಮಡಿಲಿ ಈ ಸಲ ಸೊಪ್ಪು ಹಾಕ್ಲಿಲ್ಲ, ಚೆಂಡು ಹೂವು ಹಾಕಿದೀವಿ, ಹೂವು ಯಾರೂ ತಿನ್ನಲ್ವಲ್ಲ ಅಂತ. ರೇಟು ಕೇಳ್ಬೇಡಿ, ಕೊಯ್ಯೋ ಕೂಲಿನೂ ಹುಟ್ಟಲ್ಲ. ಪಕ್ಕದವ್ರು ಅದೇ ಕಾಲುವೆ ನೀರಲ್ಲಿ ಪಾಲಕ್ ಹಾಕವ್ರೆ, ಅವ್ರನ್ನ ಬೈಯೋಕೂ ಬಾಯಿ ಬರಲ್ಲ, ಮಗಳ ಫೀಸು ಕಟ್ಬೇಕು ಪಾಪ. ಈಗ ಮನೆಗೆ ಸೊಪ್ಪು ಅಮ್ಮ ಸಂತೆಯಿಂದ ತರ್ತಾಳೆ, ರೈತರ ಮನೆಯವ್ರಾಗಿ ಒಂದು ಕಟ್ಟಿಗೆ ಇಪ್ಪತ್ತು ರೂಪಾಯಿ ಕೊಟ್ಟು. ನಿನ್ನೆ ಪಾಲಕ್ ತಂದಿದ್ಲು. ಎಲ್ಲಿಯದು ಅಂತ ಕೇಳಿದ್ದಕ್ಕೆ ನಂಗೇನ್ ಗೊತ್ತು ಬಿಡೋ, ಚೆನ್ನಾಗಿ ತೊಳೆದಿದೀನಿ ಉಣ್ಣು ಅಂದ್ಲು.