ಜನರನ್ನು ಸಮನಾಗಿ ಹಂಚಿದರೆ ಪಿಕಿಂಗ್ ಬೇಗ ಮುಗಿಯುತ್ತಾ?

ಹಬ್ಬದ ಸೇಲ್ ಹತ್ತಿರ ಬಂದರೆ ನೆಲಮಂಗಲ, ಹೊಸಕೋಟೆ ಕಡೆಯ ವೇರ್‌ಹೌಸ್‌ಗಳಲ್ಲಿ ಒಂದೇ ಮಾತು: ಜನ ಸಾಲದು. ಕಾಂಟ್ರಾಕ್ಟರ್‌ಗೆ ಫೋನ್ ಹೋಗುತ್ತದೆ, ಹೊಸ ಹುಡುಗರು, ಹುಡುಗಿಯರು ಬರುತ್ತಾರೆ. ಬಂದವರನ್ನು ವೇರ್‌ಹೌಸಿನ ಒಂದೊಂದು ಭಾಗಕ್ಕೆ, ಅಂದರೆ ಝೋನ್‌ಗೆ ಇಷ್ಟು ಜನ ಅಂತ ಸಮನಾಗಿ ಹಂಚುತ್ತಾರೆ. ನನ್ನ ತಕರಾರು ಇರುವುದು ಈ ಸಮಪಾಲಿನ ಮೇಲೆ.

ಪಿಕಿಂಗ್ ಅಂದರೆ ಆರ್ಡರ್ ಬಂದ ಸಾಮಾನನ್ನು ರ‍್ಯಾಕ್‌ನಿಂದ ಹುಡುಕಿ ತರುವುದು. ಅದನ್ನು ಮಾಡುವ ಪಿಕ್ಕರ್ ಕೆಲಸ ಅಂದರೆ ಸಾಮಾನು ಎತ್ತುವುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅಸಲಿಗೆ ಅದು ನಡೆಯುವ ಕೆಲಸ. ಸಮಯದ ಸುಮಾರು ಅರ್ಧ ನಡಿಗೆಗೇ ಹೋಗುತ್ತದೆ ಅನ್ನುವುದು ಈ ಕ್ಷೇತ್ರದ ಹಳೆಯ ಲೆಕ್ಕ. ಆ ನಡಿಗೆ ತಪ್ಪಿಸಲೆಂದೇ ಅಮೆಜಾನ್ 2012ರಲ್ಲಿ 77.5 ಕೋಟಿ ಡಾಲರ್ ಕೊಟ್ಟು ಕಿವಾ ಎಂಬ ರೋಬೋ ಕಂಪನಿಯನ್ನೇ ಕೊಂಡುಕೊಂಡಿತು. ಅಷ್ಟು ದುಡ್ಡಿಲ್ಲದ ಕಡೆ ಪಿಕ್ಕರ್‌ಗೆ "ಬೇಗ ನಡಿಯಪ್ಪಾ" ಅಂತಾರೆ, ಅಷ್ಟೇ!

ಆರ್ಡರ್ ಎಲ್ಲಾ ರ‍್ಯಾಕ್‌ಗೂ ಸಮನಾಗಿ ಬರುವುದಿಲ್ಲ. ಸೋಪು, ಶಾಂಪೂ ಇರುವ ಸಾಲಿನಲ್ಲಿ ಟ್ರಾಲಿಗೆ ಟ್ರಾಲಿ ತಾಗುತ್ತದೆ, ಪಕ್ಕದ ಝೋನ್‌ನವರು ಸುಮ್ನೆ ನಿಂತಿರುತ್ತಾರೆ. ಕಿರಿದಾದ ಸಾಲಿಗೆ ಇನ್ನಿಬ್ಬರನ್ನು ತಳ್ಳಿದರೆ ದಾರಿ ಕಟ್ಟುತ್ತದೆ, ಕೆಲಸ ಓಡುವುದಿಲ್ಲ. ಪ್ಯಾಕಿಂಗ್‌ನಲ್ಲಿ ಕೈ ಕಡಿಮೆ ಇದ್ದರಂತೂ ಬೇಗ ಪಿಕ್ ಮಾಡಿ ಪ್ರಯೋಜನವೂ ಇಲ್ಲ.

ಇದಕ್ಕೊಂದು ಚೆಂದದ ಉಪಾಯವನ್ನು ಬಾರ್ಥೋಲ್ಡಿ, ಐಸೆನ್‌ಸ್ಟೈನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು 1996ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೆಸರು ಬಕೆಟ್ ಬ್ರಿಗೇಡ್. ರ‍್ಯಾಕ್ ಸಾಲಿನ ಶುರುವಿನಲ್ಲಿ ಎಲ್ಲರಿಗಿಂತ ನಿಧಾನದವರು, ಕೊನೆಯಲ್ಲಿ ಎಲ್ಲರಿಗಿಂತ ಚುರುಕಿನವರು. ಇಲ್ಲಿಂದ ಅಲ್ಲಿವರೆಗೆ ನಿನ್ನದು ಅನ್ನುವ ಗಡಿಯೇ ಇಲ್ಲ. ಕೊನೆಯವರು ಆರ್ಡರ್ ಮುಗಿಸಿ ಹಿಂದಕ್ಕೆ ನಡೆದು, ಎದುರು ಸಿಕ್ಕವರ ಕೈಲಿದ್ದ ಅರ್ಧ ಕೆಲಸ ತೆಗೆದುಕೊಳ್ಳುತ್ತಾರೆ. ಕೆಲಸ ಬಿಟ್ಟುಕೊಟ್ಟವರು ಹಾಗೇ ತಮ್ಮ ಹಿಂದಿನವರ ಹತ್ತಿರ ಹೋಗುತ್ತಾರೆ. ಮೊದಲನೆಯವರು ಹೊಸ ಆರ್ಡರ್ ಶುರು ಮಾಡುತ್ತಾರೆ. ಯಾರೂ ಕೂತು ಹಂಚಬೇಕಿಲ್ಲ. ಸ್ವಲ್ಪ ಹೊತ್ತಿಗೆ ಯಾರ ವೇಗಕ್ಕೆ ಎಷ್ಟೋ ಅಷ್ಟು ಕೆಲಸ ತಾನಾಗಿ ಕೂರುತ್ತದೆ. ಹೊಸಬರು ಬಂದು ಹೋಗುತ್ತಿರುವ ಸೀಸನ್‌ಗೆ ಇದಕ್ಕಿಂತ ಒಳ್ಳೆಯದು ಬೇಕಾ? ಅಮೆರಿಕದ ರೆವ್ಕೋ ಔಷಧಿ ಅಂಗಡಿಗಳ ವೇರ್‌ಹೌಸ್‌ನಲ್ಲಿ ಪಿಕಿಂಗ್‌ಗೆ ಇದನ್ನು ಬಳಸಿದ್ದೂ ಉಂಟು.

ಎಲ್ಲಾ ಕಡೆ ನಡೆಯುವುದಿಲ್ಲ, ಒಪ್ಪುತ್ತೇನೆ. ಒಂದೇ ಸಾಲಾಗಿ ಹರಿಯುವ ಚಿಕ್ಕ ಸಾಮಾನಿಗೆ ಸರಿ, ಫ್ರಿಜ್ಜು, ವಾಷಿಂಗ್ ಮಷೀನಿಗೆ ಅಲ್ಲ.

ಆದರೆ ನಮ್ಮಲ್ಲಿ ಅಡ್ಡಿ ಬೇರೆ. ಸ್ಕ್ಯಾನರ್ ಒಬ್ಬೊಬ್ಬರ ಲೆಕ್ಕ ಇಡುತ್ತದೆ, ಟಾರ್ಗೆಟ್ ಒಬ್ಬೊಬ್ಬರದ್ದು. ಅರ್ಧ ಆರ್ಡರ್ ಬಿಟ್ಟುಕೊಟ್ಟರೆ ತನ್ನ ಇನ್ಸೆಂಟಿವ್ ಹೋಗುತ್ತದೆ ಅಂತ ಯಾರೂ ಬಿಡುವುದಿಲ್ಲ. ಅದಕ್ಕೇ ಟಾರ್ಗೆಟ್ ಇಡೀ ಸಾಲಿಗೆ ಕೊಡಿ ಅನ್ನುತ್ತೇನೆ. ಆಗ ಕೆಲಸಗಳ್ಳರು ಗುಂಪಿನಲ್ಲಿ ಅಡಗುತ್ತಾರೆ ಅಂತಾರೆ ಮ್ಯಾನೇಜರ್‌ಗಳು. ಹೇಗೆ ಅಡಗುತ್ತಾರೆ ಸಾರ್? ಚುರುಕಿನವರು ಕೆಲಸ ಕೇಳಿಕೊಂಡು ಪ್ರತಿ ಸಲ ಎಷ್ಟು ಹಿಂದಕ್ಕೆ ನಡೆದು ಬರಬೇಕಾಯಿತು ಅನ್ನುವುದು ಇಡೀ ಸಾಲಿಗೆ ಕಾಣುತ್ತದಲ್ವಾ?