ವಾಶ್ ಅನ್ನೋ ಒಂದೇ ಪದ, ನಮ್ಮ ಒಗೆಯೋ ಕಲ್ಲು ಮತ್ತೆ ಖ್ಮೇರ್

ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ಬಂದ ಹೊಸದ್ರಲ್ಲಿ ಇಲ್ಲಿನ ಭಾಷೆ ಖ್ಮೇರ್ ಕಲಿಯೋಕೆ ನಾನೂ ಎಲ್ಲರ ಹಾಗೇ ಫೋನ್ ಹಿಡ್ಕೊಂಡೆ, ಇಂಗ್ಲಿಷ್ ಪದ ಟೈಪ್ ಮಾಡೋದು, ಖ್ಮೇರ್ ಪದ ಬಾಯಿಪಾಠ ಮಾಡೋದು. ವಾಶ್ ಅಂತ ಹೊಡೆದ್ರೆ 'ಲಿಯಂಗ್' ಅಂತ ಬಂತು. ಸರಿ ಅಂತ ಕೆಳಗಿನ ಮನೆ ಓನರಮ್ಮನ ಹತ್ರ ಹೋಗಿ (ಅವರನ್ನ 'ಮಿಂಗ್' ಅಂತ ಕರೀತೀವಿ, ನಮ್ಮಲ್ಲಿ ಚಿಕ್ಕಮ್ಮ ಅನ್ನೋ ಥರ) ಬಟ್ಟೆ ಲಿಯಂಗ್ ಮಾಡಿ ಕೊಡೋ ಅಂಗಡಿ ಎಲ್ಲಿದೆ ಅಂತ ಕೇಳಿದೆ. ಮಿಂಗ್‌ಗೆ ಅರ್ಥ ಆಯ್ತು, ಆದ್ರೂ ಬಿಡ್ಲಿಲ್ಲ, ಕೈಲಿದ್ದ ಒದ್ದೆ ಟವೆಲ್‌ನ ತಲೆ ಮೇಲಕ್ಕೆ ಎತ್ತಿ ಕೆಳಗೆ ಬಡಿಯೋ ಥರ ಮಾಡಿ ತೋರಿಸಿ 'ಬಾವ್ಕ್, ಬಾವ್ಕ್' ಅಂದ್ರು.

ಆ ಕೈ ಮೇಲೆ ಹೋದ ರೀತಿ ನೋಡಿದ ತಕ್ಷಣ ನಂಗೆ ಊರಲ್ಲಿ ಬಾವಿ ಪಕ್ಕ ಇದ್ದ ಒಗೆಯೋ ಕಲ್ಲು ಕಣ್ಣಿಗೆ ಬಂತು. ಅಮ್ಮ ಸೀರೆನ ನಾಲ್ಕು ಮಡಿಕೆ ಮಾಡಿ ಎತ್ತಿ ಬಡಿಯೋರು, ಒಂದೊಂದು ಏಟಿಗೂ ಸೋಪಿನ ನೊರೆ ಗೋಡೆ ತನಕ ಹಾರೋದು, ಕಲ್ಲಿನ ಮಧ್ಯ ಬಡಿದು ಬಡಿದು ನುಣ್ಣಗೆ ಹಳ್ಳ ಬಿದ್ದಿತ್ತು. ಅದಕ್ಕೆ ನಾವು ತೊಳೆಯೋದು ಅಂತೀವಾ? ಇಲ್ಲ, ಒಗೆಯೋದು ಅಂತೀವಿ. ನನ್ನ ಹೆಂಡ್ತಿ ಧಾರವಾಡ ಕಡೆಯವಳು, ಅವಳ ಬಾಯಲ್ಲಿ ಒಗಿ ಅಂದ್ರೆ ಎಸಿ ಅಂತಲೂ ಅರ್ಥ, 'ಆ ಕಸ ಹೊರಗ ಒಗದ ಬಾ' ಅಂತಾಳೆ. ಖ್ಮೇರಲ್ಲೂ ಬಾವ್ಕ್ ಅಂದ್ರೆ ಬಟ್ಟೆ ಒಗೆಯೋದೂ ಹೌದು, ಎತ್ತಿ ಬಡಿಯೋದೂ ಹೌದು, ಭತ್ತದ ಕಂತೆ ಬಡಿಯೋದಕ್ಕೂ 'ಬಾವ್ಕ್ ಸ್ರೊವ್' ಅಂತಾರೆ. ನಮ್ಮದು ದ್ರಾವಿಡ ಭಾಷೆ, ಅವರದು ಆಸ್ಟ್ರೋ ಏಷ್ಯಾಟಿಕ್, ಒಂದಕ್ಕೊಂದು ನೆಂಟಸ್ತಿಕೆ ಇಲ್ಲ, ಆದ್ರೂ ಎರಡು ಕಡೆನೂ ಆ ಕೆಲಸ ಮಾಡೋ ಕೈಯಿಂದಲೇ ಪದದ ಅರ್ಥ ಬೆಳೆದಿದೆ ಅನ್ಸುತ್ತೆ. ಬಾವ್ಕ್‌ಗೆ ಮೋಸ ಮಾಡೋದು ಅಂತ ಇನ್ನೊಂದು ಅರ್ಥನೂ ಇದೆ, ಅದು ಮಾತ್ರ ನಮ್ಮ ಒಗೆಯೋದಕ್ಕೆ ಇಲ್ಲ.

ಆವತ್ತಿಂದ ನಾನು ಇಂಗ್ಲಿಷ್ ಪದ ಬಿಟ್ಟು ಕನ್ನಡದಿಂದ ಖ್ಮೇರ್‌ಗೆ ಹೋಗೋಕೆ ಶುರು ಮಾಡ್ದೆ. ಕೈ ತೊಳೆಯೋದು, ತಟ್ಟೆ ತೊಳೆಯೋದು, ಅಕ್ಕಿ ತೊಳೆಯೋದು ಎಲ್ಲ ಲಿಯಂಗ್, ಪಾಪ ತೊಳ್ಕೊಳೋದೂ 'ಲಿಯಂಗ್ ಬಾಪ್', ಆ ಬಾಪ್ ನಮ್ಮ ಪಾಪನೇ. ರಸ್ತೆ ಪಕ್ಕ ಕಾರ್ ತೊಳೆಯೋ ಕಡೆ 'ಲಿಯಂಗ್ ರೋಥ್‌ಯುನ್' ಅಂತ ಬೋರ್ಡ್ ಇರುತ್ತೆ, ರೋಥ್‌ಯುನ್ ಅಂದ್ರೆ ರಥ ಯಂತ್ರ! ಮುಖ ತೊಳೆಯೋದಕ್ಕೆ 'ಲುಪ್ ಮುಕ್', ಹಲ್ಲಿಗೆ ನಮ್ಮ ಹಾಗೇ ಉಜ್ಜೋದು. ತಲೆಕೂದಲಿಗೆ ಬೇರೆನೇ ಪದ, 'ಕೊಕ್ ಸೊಕ್', ನಮ್ಮಲ್ಲಿ ತಲೆಗೆ ಎರ್ಕೊಳೋದು ಅಂತೀವಲ್ಲ ಹಾಗೆ. ಸ್ನಾನ ಮಾಡೋದು 'ಙೂತ್ ತುಕ್'. ಒಂದನೇ ಕ್ಲಾಸಲ್ಲಿ ಕ ಖ ಗ ಘ ಙ ಅಂತ ಬರೆದ ಮೇಲೆ ಆ ಙ ಒಂಟಿಯಾಗಿ ನಂಗೆ ಮತ್ತೆಲ್ಲೂ ಸಿಕ್ಕಿರ್ಲಿಲ್ಲ, ಇಲ್ಲಿ ದಿನಾ ಬೆಳಗ್ಗೆ ಬಾಯಿಗೆ ಬರುತ್ತೆ. ಅವರ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬಂದಿದ್ದು, ವರ್ಣಮಾಲೆನೂ ಅದೇ ಸಾಲಲ್ಲೇ ಹೋಗುತ್ತೆ.

ಈಗ ನಂಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ ಹೇಳ್ತೀನಿ. ಇಲ್ಲಿ ನಮಗೆ ಗೊತ್ತಿರೋ ಕನ್ನಡದ ಮನೆಗಳಲ್ಲಿ, ನಮ್ಮನೇನೂ ಸೇರಿಸಿ, ಮಕ್ಕಳ ಹತ್ರ ನಾವು ಮಾತಾಡೋದು 'ಹ್ಯಾಂಡ್ ವಾಶ್ ಮಾಡು, ಫೇಸ್ ವಾಶ್ ಮಾಡು, ಹೇರ್ ವಾಶ್ ಆಯ್ತಾ, ಡ್ರೆಸ್ ವಾಶ್‌ಗೆ ಹಾಕು' ಅಂತ. ತೊಳೆ, ಒಗೆ, ಎರೆ, ಬೆಳಗು, ಉಜ್ಜು ಅಂತ ಇದ್ದ ಅಷ್ಟೂ ಪದದ ಜಾಗದಲ್ಲಿ ಒಂದು ವಾಶ್, ಪಕ್ಕದಲ್ಲೊಂದು ಮಾಡು. ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ, ಫ್ಯಾಕ್ಟರಿಲಿ ನನ್ನ ಅನ್ನನೇ ಇಂಗ್ಲಿಷಲ್ಲಿ ಬರೋದು. ಖ್ಮೇರ್ ಜನನೂ ಫ್ರೆಂಚ್ ಕಾಲದಿಂದ ಬೇಕಾದಷ್ಟು ಪದ ತಗೊಂಡಿದಾರೆ, ಮಿಷನ್‌ಗೆ 'ಮಾಸಿನ್' ಅಂತಾರೆ. ಆದ್ರೆ ವಾಶಿಂಗ್ ಮಿಷನ್ ಬಂದಾಗ ಅವರು 'ಮಾಸಿನ್ ಬಾವ್ಕ್ ಖಾವ್ ಆವ್' ಅಂದ್ರು, ಅಂದ್ರೆ ಬಟ್ಟೆ ಒಗೆಯೋ ಮಿಷನ್ನು, ವಸ್ತು ಹೊರಗಿಂದು, ಕೆಲಸ ತಮ್ಮದೇ. ನಮ್ಮಮ್ಮನೂ ಒಗೆಯೋ ಮಿಷನ್ನು ಅಂತಲೇ ಅಂತಾರೆ, ನಾವು ಮಕ್ಕಳು ಎಷ್ಟೋ ವರ್ಷ ಅವರನ್ನ ತಿದ್ದಿದ್ವಿ. ತಿದ್ದಬಾರದಿತ್ತು.

ಹೋದ ವರ್ಷ ಸಿಯೆಮ್ ರೀಪ್ ಕಡೆ ಕಬಾಲ್ ಸ್ಪಿಯನ್‌ಗೆ ಹೋಗಿದ್ವಿ, ಅಲ್ಲಿ ಹೊಳೆಯ ತಳದ ಬಂಡೆ ಮೇಲೆ ಸಾಲು ಸಾಲು ಲಿಂಗ ಕೆತ್ತಿದಾರೆ, 11ನೇ ಶತಮಾನದ್ದು, ನಮ್ಮ ಶಿರಸಿ ಹತ್ರ ಶಾಲ್ಮಲಾ ಹೊಳೆಲಿ ಸಹಸ್ರಲಿಂಗ ನೋಡಿದೋರಿಗೆ ಮೈ ಜುಂ ಅನ್ನುತ್ತೆ. ಗೈಡ್ ಇಂಗ್ಲಿಷಲ್ಲಿ ಹೊಳೆ ನೀರು ಲಿಂಗಗಳನ್ನ ವಾಶ್ ಮಾಡುತ್ತೆ ಅಂದ, ನನ್ನ ಹೆಂಡ್ತಿ ಮೆಲ್ಲಗೆ ಮಗಳಿಗೆ 'ವಾಶ್ ಅಲ್ಲವ್ವಾ, ಅಭಿಷೇಕ' ಅಂದ್ಲು.

ಖ್ಮೇರಲ್ಲೂ ದೇವರಿಗೆ ಙೂತ್ ತುಕ್ ಅನ್ನಲ್ಲ, 'ಸ್ರೊಂಗ್' ಅಂತಾರೆ, ರಾಜರಿಗೆ, ಭಿಕ್ಷುಗಳಿಗೆ ಹೇಳೋ ಪದ ಅದು. ಏಪ್ರಿಲ್ ಮಧ್ಯದಲ್ಲಿ ಬರೋ ಅವರ ಹೊಸ ವರ್ಷದ ಮೂರನೇ ದಿನ ಬುದ್ಧನ ಮೂರ್ತಿಗೆ ಹೂವು ಹಾಕಿದ ನೀರು ಹಾಕ್ತಾರೆ, ಮನೇಲಿ ಅಪ್ಪ ಅಮ್ಮ ಅಜ್ಜಿ ತಾತಂಗೂ ಹಾಕ್ತಾರೆ. ಈ ಸಲ ಮಿಂಗ್ ಅವರ ಅಮ್ಮನ್ನ ಅಂಗಳದಲ್ಲಿ ಕುರ್ಚಿ ಮೇಲೆ ಕೂರಿಸಿದ್ರು, ಭುಜದ ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ಮಲ್ಲಿಗೆ ತೇಲ್ತಿರೋ ಬೇಸಿನ್, ನನ್ನ ಮಗಳ ಕೈಗೂ ಒಂದು ಬೋಗುಣಿ ಕೊಟ್ಟು 'ಸ್ರೊಂಗ್' ಅಂದ್ರು. ಅವಳು ನನ್ನ ಕಡೆ ತಿರುಗಿ ಪಪ್ಪಾ, ನಮ್ಮಲ್ಲಿ ಇದಕ್ಕೆ ಏನಂತಾರೆ ಅಂತ ಕೇಳಿದ್ಲು. ಬಾಯಿ ತುದಿಗೆ ಬಾತ್ ಅಂತ ಬಂದಿದ್ದು ತಡೆದು, ಎರೆಯೋದು ಕಣಮ್ಮ, ದೀಪಾವಳಿಗೆ ಅಜ್ಜಿ ನಿಂಗೆ ಎಣ್ಣೆ ಹಚ್ಚಿ ಎರೀತಾರಲ್ಲ ಅದು ಅಂದೆ. 'ಹಂಗಾದ್ರೆ ನಾನು ಈ ಅಜ್ಜಿಗೆ ಎರೀತೀನಿ' ಅಂತ ಎರಡೂ ಕೈಲಿ ಬೋಗುಣಿ ಹಿಡ್ಕೊಂಡು, ನೀರು ಕಣ್ಣಿಗೆ ಹೋಗದೇ ಇರೋ ಹಾಗೆ ನಿಧಾನಕ್ಕೆ ಆ ಅಜ್ಜಿ ಭುಜದ ಮೇಲೆ ಬಿಟ್ಟಳು.