ಆ ಶಾಂತಿ ಪ್ರಾರ್ಥನೆ ಸಂತ ಫ್ರಾನ್ಸಿಸರ ಕವಿತೆ ಅಲ್ಲ: ಸ್ಪಷ್ಟನೆ

ಬೀದರ್, ಹುಮನಾಬಾದ್ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ನನ್ನನ್ನು ನಿನ್ನ ಶಾಂತಿಯ ಸಾಧನವಾಗಿಸು' ಎಂದು ಬೇಡುವ ಪ್ರಾರ್ಥನೆ ಅದು. ಇಟಲಿಯ ಅಸ್ಸಿಸಿ ಊರಿನ ಕ್ರೈಸ್ತ ಸಂತ ಫ್ರಾನ್ಸಿಸರೇ ಇದನ್ನು ಬರೆದರು, ಅಕ್ಟೋಬರ್ 4ರ ಅವರ ಹಬ್ಬಕ್ಕೆ ಎಲ್ಲರಿಗೂ ಕಳಿಸಿ ಎಂದು ಕೆಳಗೆ ಬರೆದಿದೆ.

ಹಬ್ಬದ ದಿನ ಸರಿ. ಬರೆದವರ ಹೆಸರು ತಪ್ಪು. ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. ಈ ಪ್ರಾರ್ಥನೆ ಮೊದಲು ಅಚ್ಚಾಗಿದ್ದು 1912ರಲ್ಲಿ, ಪ್ಯಾರಿಸ್‌ನ ಒಂದು ಸಣ್ಣ ಧಾರ್ಮಿಕ ಪತ್ರಿಕೆಯಲ್ಲಿ, ಫ್ರೆಂಚ್ ಭಾಷೆಯಲ್ಲಿ. ಅಲ್ಲಿ ಕವಿಯ ಹೆಸರೇ ಇರಲಿಲ್ಲ. ಆಮೇಲೆ ಫ್ರಾನ್ಸಿಸರ ಚಿತ್ರವಿದ್ದ ಕಾರ್ಡಿನ ಹಿಂಬದಿಯಲ್ಲಿ ಇದನ್ನು ಮುದ್ರಿಸಿದರು. ಚಿತ್ರ ನೋಡಿದವರು ಮಾತೂ ಅವರದ್ದೇ ಅಂದುಕೊಂಡರು. ಸಹಜ ಅಲ್ವಾ? ಪ್ರಾರ್ಥನೆಯಂತೂ ತುಂಬಾ ಚೆನ್ನಾಗಿದೆ, ಹಾಡುವುದನ್ನು ಬಿಡಬೇಕಿಲ್ಲ.

ಆದರೆ ಫ್ರಾನ್ಸಿಸರು ನಿಜವಾಗಿ ಕಟ್ಟಿದ ಹಾಡು ಒಂದಿದೆ, 'ಸೂರ್ಯನ ಹಾಡು' (Canticle of the Sun). ಅದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ ಅನ್ನೋದೇ ನನಗೆ ನೋವು. ಸುಮಾರು 1225ರಲ್ಲಿ, ಕಣ್ಣು ಹೆಚ್ಚುಕಡಿಮೆ ಹೋಗಿ, ಮೈಯೆಲ್ಲ ಕಾಯಿಲೆಯಾಗಿದ್ದಾಗ ಕಟ್ಟಿದ್ದು. ಲ್ಯಾಟಿನ್‌ನಲ್ಲಿ ಅಲ್ಲ, ತಮ್ಮ ಊರಿನ ಆಡುಮಾತಿನಲ್ಲಿ. ವಚನಗಳ ನಾಡಿನವರಾದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಅದರಲ್ಲಿ ಸೂರ್ಯ, ಗಾಳಿ, ಬೆಂಕಿ ಅಣ್ಣಂದಿರು. ಚಂದ್ರ, ನೀರು ಅಕ್ಕಂದಿರು. ಭೂಮಿ ತಾಯಿ. ಸಾವು ಹತ್ತಿರ ಬಂದಾಗ ಸಾವನ್ನೂ ಅಕ್ಕ ಎಂದು ಕರೆದು ಕೊನೆಯ ಸಾಲುಗಳನ್ನು ಸೇರಿಸಿದರು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆ ಹಾಕಿ. ಹಬ್ಬದ ಹಾಳೆಯಲ್ಲಿ ಈ ಪ್ರಾರ್ಥನೆ ಅಚ್ಚು ಹಾಕಿಸುವವರು ಕೆಳಗೆ 'ಕವಿ ಗೊತ್ತಿಲ್ಲ, 1912' ಎಂದು ಬರೆಸಿ.